ಆರಿಸಬಾರದ ಲ್ಯಾಪ್‌ಟಾಪ್

ನಾಗಮಂಗಲದ ಪಶುವೈದ್ಯೆ ತನುಶ್ರೀ ಬೆಳಗಿನಿಂದ ತನ್ನ ಹಳೆಯ ಲ್ಯಾಪ್‌ಟಾಪನ್ನು ಆರಿಸಿರಲಿಲ್ಲ. ಒಳಗಿನ ಡಿಸ್ಕು ಕಟಕಟ ಎನ್ನುತ್ತಿತ್ತು. ಒಮ್ಮೆ ನಿಂತರೆ ಮತ್ತೆ ತಿರುಗುವ ಭರವಸೆಯಿರಲಿಲ್ಲ. ಬ್ಯಾಟರಿ ಸತ್ತಿತ್ತು, ಫ್ಲಾಪಿ ಡ್ರೈವೂ ಕೆಟ್ಟಿತ್ತು. ಹದಿನಾಲ್ಕು ಊರುಗಳ ಹಳ್ಳಿಕಾರ್ ದನಗಳ ವಂಶಾವಳಿ ಅದರಲ್ಲಿ ಮಾತ್ರ ಇತ್ತು.

ಪಾಂಡವಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಮಹದೇವಸ್ವಾಮಿ, ಅದನ್ನೆಲ್ಲ ನಕಲು ಮಾಡಿಕೊಳ್ಳಲು ಚೀಲದಲ್ಲಿ ಹಿಡಿಯುವಂಥ ಹೊಸ ಡ್ರೈವೊಂದನ್ನು ತರುವುದಾಗಿ ಹೇಳಿದ್ದ. ದಿನವೂ ಮೂರಕ್ಕೆ ಕರೆಂಟು ಹೋಗುತ್ತಿತ್ತು. ತನುಶ್ರೀ ಗೇಟಿಗೂ ಮೇಜಿಗೂ ಓಡಾಡಿದಳು. ಅವನು ಬಂದಾಗ ಎರಡೂಕಾಲು.

"ಬಸ್ಸು ಕೆಟ್ಟೋಯ್ತು ಮೇಡಂ," ಎನ್ನುತ್ತಾ ಅವನು ಡ್ರೈವಿನ ವೈರನ್ನು ಲ್ಯಾಪ್‌ಟಾಪಿನಲ್ಲಿ ಪ್ರಿಂಟರಿಗೆಂದು ಇದ್ದ ಕಿಂಡಿಗೆ ಸಿಕ್ಕಿಸಿ ನಕಲು ಶುರುಮಾಡಿದ.

"ಅರ್ಧ ಆಯ್ತೇನಪ್ಪ?"

"ಇಂಗೆ ಕೇಳ್ತಿದ್ರೆ ಅದೇನು ಬೇಗ ಓಡಲ್ಲ. ಕೂತ್ಕೊಳಿ ಮೇಡಂ."

ಅವಳಿಗೆ ಕೂರಲಾಗಲಿಲ್ಲ. ಮೂರಕ್ಕೆ ಇನ್ನೂ ಹತ್ತು ನಿಮಿಷವಿರುವಾಗಲೇ ಫ್ಯಾನು ನಿಂತಿತು, ಪರದೆ ಕಪ್ಪಾಯಿತು.

"ಹನ್ನೆರಡು ಊರಿಂದು ಬಂದದೆ. ಎರಡು ಉಳ್ಕಂಬುಡ್ತು," ಎಂದ ಮಹದೇವಸ್ವಾಮಿ.

ಕರೆಂಟು ಬಂದ ಮೇಲೂ ಲ್ಯಾಪ್‌ಟಾಪ್ ಏಳಲಿಲ್ಲ.

ಮರುದಿನ ತನುಶ್ರೀ ಖಾಲಿ ನೋಟ್‌ಬುಕ್ ಹಿಡಿದು ಉಳಿದ ಊರುಗಳಿಗೆ ಮೊಪೆಡ್‌ನಲ್ಲಿ ಹೊರಟಳು. ಮೊದಲ ಕೊಟ್ಟಿಗೆ ರೈತ ಚಿಕ್ಕಯ್ಯನದು. ನಡೆದದ್ದನ್ನು ಕೇಳಿ ಅವನು ನಕ್ಕ.

"ನಮ್ಮ ಅಸೀನ ಅಜ್ಜಿ ಯಾವ್ದು ಅಂತ ನಂಗೊತ್ತಿಲ್ವಾ? ಬರ್ಕೊಳಿ ತಾಯಿ," ಎಂದು ಮಣೆ ಸರಿಸಿದ.