ಸಾಂತಾ ಇನೆಸ್‌ನ ಮಕ್ಕಳು

“ಒಂದು ಸೀಟು ಸಿಗುತ್ತಾ ಅಂತ ಕೇಳೋಕೆ ಬಂದೆ.”

ಎದೆಲ್ಮೀರಾ ತಲೆ ಎತ್ತುವ ಮೊದಲೇ ಆ ದನಿಯ ಗುರುತು ಹಿಡಿದಳು. ಹನ್ನೊಂದು ವರ್ಷದ ಹಿಂದೆ ಅದು ಧ್ವನಿವರ್ಧಕದಲ್ಲಿ ಅವಳ ಮನೆಯೆದುರು ಕೂಗಿತ್ತು. ಈಗ ಕುಗ್ಗಿತ್ತು, ಅಲ್ಲಲ್ಲಿ ಒಡೆದಿತ್ತು, ಆದರೂ ಅದೇ. ಆಫೀಸಿನ ಬಾಗಿಲಲ್ಲಿ ಸೆವೆರೀನೋ ನಿಂತಿದ್ದ. ಯಾರೋ ದಾನ ಕೊಟ್ಟ ಅಂಗಿಯ ಅರ್ಧ ತೋಳು ಮೊಣಕೈ ದಾಟಿ ಇಳಿದಿತ್ತು. ಜೊತೆಗಿದ್ದ ಏಳೆಂಟು ವರ್ಷದ ಹುಡುಗಿ ಒಳಗೆ ಬರದೆ, ಒಂದು ಕೈಯಲ್ಲಿ ಅವನನ್ನೂ ಇನ್ನೊಂದರಲ್ಲಿ ಬಾಗಿಲ ಚೌಕಟ್ಟನ್ನೂ ಬಿಗಿಯಾಗಿ ಹಿಡಿದುಕೊಂಡಿದ್ದಳು.

“ನನ್ನ ಮೊಮ್ಮಗಳು, ಯಾಮಿಲೆ ಅಂತ. ಇವಳನ್ನ ಸೇರಿಸ್ಕೋಬೇಕು, ಕಾಮ್ರೇಡ್...” ಎಂದವನು ನಾಲಿಗೆ ಕಚ್ಚಿಕೊಂಡು, “ಟೀಚರ್,” ಎಂದು ತಿದ್ದಿದ.

“ಯಾರ ಶಾಲೆ ಅಂತ ಗೊತ್ತಿದ್ದೇ ಬಂದ್ರಾ?”

“ಗೊತ್ತಿದ್ದೇ ಬಂದೆ. ಈ ದೇಶದಲ್ಲಿ ನನಗೆ ಗೊತ್ತಿರೋ ಟೀಚರ್ ನೀವೊಬ್ರೇ.”

ಆ ಬೇಸಿಗೆಯಲ್ಲಿ ಕ್ಯೂಬಾದಿಂದ ದೋಣಿಗಳ ಮೇಲೆ ದೋಣಿಗಳು ಬಂದಿದ್ದವು. ಮಯಾಮಿಯ ಹೆದ್ದಾರಿ ಸೇತುವೆಯ ಕೆಳಗೆ ಡೇರೆಗಳು ತುಂಬಿದ್ದವು. ಮೊದಲೇ ಬಂದು ನೆಲೆಯೂರಿದವರು, ಹೀಗೆ ಬಂದವರ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದರು. ಮಯಾಮಿಗೆ ಅಂಟಿಕೊಂಡ ಹಯಲೀಯಾದಲ್ಲಿ, ರಸ್ತೆಗೆ ತೆರೆದ ಕಾಫಿ ಕಿಟಕಿಗಳ ಮುಂದೆ ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ ಮಾತು. ಈ ಹೊಸಬರಲ್ಲಿ ಸಾಂತಾ ಇನೆಸ್‌ನ ಸೆವೆರೀನೋ ಕೂಡ ಇದ್ದಾನೆ ಎಂದು ಎದೆಲ್ಮೀರಾಗೆ ಯಾರೂ ಹೇಳಿರಲಿಲ್ಲ.

ಕ್ಯೂಬಾದ ತನ್ನೂರು ಸಾಂತಾ ಇನೆಸ್‌ನಲ್ಲಿ ಅವಳು ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಳು. ದೇಶ ಬಿಡಲು ಅರ್ಜಿ ಹಾಕಿದ ಕೂಡಲೇ ಕೆಲಸ ಹೋಯಿತು. ಅಪ್ಪಣೆ ಸಿಗುವವರೆಗೆ ಕಬ್ಬಿನ ಗದ್ದೆಯಲ್ಲಿ ದುಡಿಸಿದರು. ಕೊನೆಗೆ ಹೊರಡುವ ಬೆಳಿಗ್ಗೆ, ಸರ್ಕಾರದ ಪರ ಕಾವಲಿದ್ದ ಬೀದಿ ಸಮಿತಿಯ ಅಧ್ಯಕ್ಷನಾಗಿದ್ದ ಸೆವೆರೀನೋ ಜನ ಕಟ್ಟಿಕೊಂಡು ಬಂದ. ಬಂದವರ ಮುಂದಿನ ಸಾಲಿನಲ್ಲಿ ಅವಳ ಮಕ್ಕಳಿದ್ದರು. ಅವಳೇ ಕೈ ಹಿಡಿದು ಬರೆಸಿದ್ದ ಮಕ್ಕಳು. ದೇಶ ಬಿಡುವವರಿಗೆ ಅಲ್ಲಿ ಬೈಯುವಂತೆ ಅವನು “ಹುಳ” ಎಂದು ಕೂಗಿದರೆ ಅವರೂ “ಹುಳ” ಎಂದು ಕೂಗಿದರು. ಮನೆ ಹೋಯಿತು, ಪಿಂಗಾಣಿ ತಟ್ಟೆಗಳು ಹೋದವು, ಅಮ್ಮನ ಹೊಲಿಗೆ ಯಂತ್ರ ಹೋಯಿತು. ಅವುಗಳನ್ನೆಲ್ಲ ಅವಳು ವಿಮಾನ ಇಳಿಯುವಷ್ಟರಲ್ಲೇ ಮನಸ್ಸಿನಿಂದ ತೆಗೆದುಹಾಕಿದ್ದಳು. ಆ ಕೂಗನ್ನು ಮಾತ್ರ ತೆಗೆದುಹಾಕಲು ಆಗಿರಲಿಲ್ಲ.

ಹಯಲೀಯಾದಲ್ಲಿ ಪ್ಯಾಂಟಿನ ಕಾರ್ಖಾನೆಯಲ್ಲಿ ಜೇಬು ಹೊಲಿದಳು. ಜೊತೆಗೇ ಇಂಗ್ಲಿಷ್ ಕಲಿತು, ಪರೀಕ್ಷೆಗಳನ್ನು ಮತ್ತೆ ಮೊದಲಿನಿಂದ ಬರೆದು ಟೀಚರಾದಳು. ಹಾಸಿಗೆ ಮಾರುತ್ತಿದ್ದ ಹಳೇ ಅಂಗಡಿಯೊಂದನ್ನು ಬಾಡಿಗೆಗೆ ಹಿಡಿದು ಶಾಲೆ ತೆರೆದಳು. ಸಂಜೆ ಅದೇ ಬೆಂಚುಗಳ ಮೇಲೆ ದೊಡ್ಡವರು ಇಂಗ್ಲಿಷ್ ಕಲಿಯಲು ಕೂರುತ್ತಿದ್ದರು. ಬಾಡಿಗೆ ಮನೆಯ ತಕರಾರಿರಲಿ, ಆಸ್ಪತ್ರೆಯಲ್ಲಿ ಡಾಕ್ಟರಿಗೆ ನೋವು ವಿವರಿಸಿ ಹೇಳುವುದಿರಲಿ, ಜನ ಅವಳ ಬಳಿ ಬರುತ್ತಿದ್ದರು. ಸಾಂತಾ ಇನೆಸ್‌ನಿಂದ ಬಂದವರ ಸಂಘಕ್ಕೆ ಅವಳೇ ಅಧ್ಯಕ್ಷೆ. ಚುನಾವಣೆ ಹತ್ತಿರವಾದರೆ ಮೇಯರ್ ಆಗಬೇಕೆನ್ನುವವರು ಅವಳ ಆಫೀಸಿನಲ್ಲಿ ಕಾದು ಕೂರುತ್ತಿದ್ದರು. ಇಷ್ಟಾದರೂ ಪ್ರತಿ ಬೆಳಿಗ್ಗೆ ತರಗತಿಯೆದುರು ನಿಂತು ಬಾಯಿ ತೆರೆಯುವ ಮುನ್ನ ಅವಳ ಎದೆ ಒಂದು ಗಳಿಗೆ ಕಲ್ಲಾಗುತ್ತಿತ್ತು. ಇವರೂ ಒಂದು ದಿನ ಹಾಗೇ ಕೂಗಬಹುದು. ಇದನ್ನು ಅವಳು ಯಾರಿಗೂ ಹೇಳಿಕೊಂಡಿರಲಿಲ್ಲ.

“ಸೀಟು ಇಲ್ಲ,” ಎಂದಳು. ಹುಡುಗಿ ಇನ್ನೂ ಚೌಕಟ್ಟನ್ನು ಬಿಟ್ಟಿರಲಿಲ್ಲ. ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು. “ಯಾಕೆ ಅವಳು ಒಳಗೆ ಬರ್ತಿಲ್ಲ?”

ಸೆವೆರೀನೋ ಹೇಳತೊಡಗಿದ. ಅವನ ಅಳಿಯನಿಗೆ ದೇಶ ಬಿಡಬೇಕೆನಿಸಿತು. ಮಗಳೂ ಹೊರಟಳು. ಮೊಮ್ಮಗಳನ್ನು ಬಿಟ್ಟಿರಲಾರದೆ ಅವನೂ ಹೆಸರು ಕೊಟ್ಟ. ಮರುದಿನವೇ ಸಮಿತಿಯವರು ಅವನ ಮನೆಗೆ ಮೊಟ್ಟೆ ಎಸೆದರು, ಗೋಡೆಯ ಮೇಲೆ “ಕಸ” ಎಂದು ಬರೆದರು. ಯಾಮಿಲೆಯ ತರಗತಿಯವರನ್ನೂ ಟೀಚರೇ ಸಾಲಾಗಿ ಕರೆತಂದು ನಿಲ್ಲಿಸಿದ್ದರು. ಕಿಟಕಿಯ ಸಂದಿಯಿಂದ ಹುಡುಗಿ ತನ್ನ ಪಕ್ಕ ಕೂರುತ್ತಿದ್ದ ಗೆಳತಿಯನ್ನು ನೋಡಿದಳು. ಆಮೇಲೆ ಶಾಲೆಯ ಬಾಗಿಲು ಕಂಡರೆ ಹೀಗೆ. ಇಲ್ಲಿ ಎರಡು ಶಾಲೆಗಳಲ್ಲಿ ಪ್ರಯತ್ನಿಸಿ ಆಗಿತ್ತು.

“ಹಾಗಾದ್ರೆ ಈಗ ನಿಮಗೂ ಗೊತ್ತಾಯ್ತು,” ಎಂದಳು ಎದೆಲ್ಮೀರಾ.

“ಗೊತ್ತಾಯ್ತು.”

ಅವನು ಹೊರಡಲು ತಿರುಗಿದ. ಅವಳ ಬಾಯಿಂದ ಆ ಪ್ರಶ್ನೆ ತಾನಾಗಿ ಹೊರಬಿತ್ತು.

“ಆವತ್ತು ನನ್ನ ಮಕ್ಕಳಿಗೆ ಏನಂತ ಹೇಳಿ ಕರ್ಕೊಂಡು ಬಂದ್ರಿ?”

ಸೆವೆರೀನೋ ಅವಳನ್ನು ನೋಡಲಿಲ್ಲ. “ಟೀಚರ್ ಊರಿಗೆ ಹೋಗ್ತಿದಾರೆ, ಟಾಟಾ ಮಾಡೋಣ ಬನ್ನಿ ಅಂದೆ. ಓಡ್ಕೊಂಡು ಬಂದ್ರು. ನಿಮ್ಮ ಬಾಗಿಲ ಹತ್ರ ಬಂದ್ಮೇಲೆ ನಾನು ಹೇಳಿದ್ದನ್ನ ಹೇಳಿ ಅಂದೆ. ಆ ಮಾತಿಗೇನು ಅರ್ಥ ಅಂತ ಅವಕ್ಕೆ ಗೊತ್ತೇ ಇರ್ಲಿಲ್ಲ. ನಿಮ್ಮ ಕಾರು ಹೋದ್ಮೇಲೂ ಅಲ್ಲೇ ನಿಂತ್ಕೊಂಡಿದ್ರು. ಟೀಚರ್ ಯಾಕೆ ತಿರುಗಿ ಕೈ ಮಾಡ್ಲಿಲ್ಲ ಅಂತ ಕೇಳಿದ್ರು. ಯಾವಾಗ ವಾಪಸ್ ಬರ್ತಾರೆ ಅಂತ ಒಬ್ಬಳು ಅತ್ತು ರಂಪ ಮಾಡಿದ್ಲು. ನಾನೇ ಗದರಿ ಸುಮ್ಮನಿರಿಸಿದೆ.”

ಎದೆಲ್ಮೀರಾ ಎದ್ದು ಕಿಟಕಿಯ ಬಳಿ ಹೋದಳು. ಹೊರಗೆ ಬಿಸಿಲಲ್ಲಿ ಬಸ್ಸೊಂದು ನಿಂತು ಹೊರಟಿತು. ಅವಳ ಭುಜ ಅಲುಗುತ್ತಿದ್ದುದು ಅವನಿಗೆ ಕಂಡಿರಬೇಕು. ಅವನು ಅಲ್ಲಿಂದ ಕದಲಲಿಲ್ಲ. ಕಣ್ಣೊರೆಸಿಕೊಂಡು ತಿರುಗಿದಾಗ ಅವಳಿಗೆ ತನ್ನ ದನಿಯೇ ಹಗುರವಾದಂತೆ ಕೇಳಿಸಿತು.

“ನಿಮ್ಮನ್ನ ಕ್ಷಮಿಸಿಬಿಟ್ಟೆ ಅಂತ ತಿಳ್ಕೋಬೇಡಿ,” ಎಂದಳು. “ಹುಡುಗೀನ ನಾಳೆ ಕರ್ಕೊಂಡು ಬನ್ನಿ.”

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬೀದಿಯೆಲ್ಲ ಹರಡಿತ್ತು. ಸಂಘದ ಕಾರ್ಯದರ್ಶಿ ಒಸ್ವಾಲ್ದೋ ತನ್ನ ಬೇಕರಿಯಿಂದ ಹಿಟ್ಟಿನ ಕೈಯಲ್ಲೇ ಬಂದ. ಸಾಂತಾ ಇನೆಸ್‌ನಲ್ಲಿ ಅವನ ಅಪ್ಪನ ಬೇಕರಿಗೆ ಬೀಗ ಜಡಿದು ಮೊಹರು ಒತ್ತಿದವನು ಸೆವೆರೀನೋ. ಅಪ್ಪ ಅದೇ ಕೊರಗಿನಲ್ಲಿ ಹಾಸಿಗೆ ಹಿಡಿದು ತೀರಿಕೊಂಡಿದ್ದ. ಸೆವೆರೀನೋ ಪೆಟ್ರೋಲ್ ಬಂಕಿನಲ್ಲಿ ಕಾರು ತೊಳೆಯುವುದನ್ನು ತಾನೇ ಕಣ್ಣಾರೆ ಕಂಡೆನೆಂದು ಒಸ್ವಾಲ್ದೋ ಹೇಳಿದ. ನಾಳೆ ಬೆಳಿಗ್ಗೆ ಸಂಘದವರೆಲ್ಲ ಶಾಲೆಯ ಮುಂದೆ ಸೇರುತ್ತಾರೆ, ಅವನಿಗೆ ಅವನದೇ ಮರ್ಯಾದೆ ಮಾಡುತ್ತಾರೆ. ಮೊಟ್ಟೆ ಬೇಕರಿಯಲ್ಲೇ ಇವೆ.

“ಬಯ್ಯೋದಿದ್ರೆ ಬಂಕಿಗೆ ಹೋಗಿ ಬೈದು ಬಾ,” ಎಂದಳು ಎದೆಲ್ಮೀರಾ. “ನಾನು ಬೇಡ ಅನ್ನಲ್ಲ. ಶಾಲೆ ಮುಂದೆ ಬೇಡ.”

“ಅವನು ನಿಮ್ಮ ಮನೆ ಮುಂದೆ ನಿಮ್ಮ ಮಕ್ಕಳನ್ನೇ ತಂದು ನಿಲ್ಲಿಸಿದ್ದ, ಟೀಚರ್.”

“ಅದಕ್ಕೇ ಹೇಳ್ತಿದೀನಿ.”

ಒಸ್ವಾಲ್ದೋ ಒಪ್ಪಲಿಲ್ಲ. ಆ ಮಗು ಒಳಗೆ ಕಾಲಿಟ್ಟರೆ ತಾನು ಮಗನನ್ನು ಬಿಡಿಸಿಕೊಂಡು ಹೋಗುವುದಾಗಿಯೂ ಇನ್ನೂ ಹಲವರು ಹಾಗೇ ಮಾಡುವುದಾಗಿಯೂ ಹೇಳಿದ. ಶಾಲೆಗೆ ಮೊದಲ ಬೆಂಚುಗಳನ್ನು ತನ್ನ ವ್ಯಾನಿನಲ್ಲಿ ಹೇರಿ ತಂದವನು ಅವನೇ. ಅವನು ಹೋದ ಮೇಲೆ ಎದೆಲ್ಮೀರಾ ಬಹಳ ಹೊತ್ತು ಕುರ್ಚಿಯಿಂದ ಏಳಲಿಲ್ಲ. ಅರ್ಧ ಶಾಲೆ ಖಾಲಿಯಾದರೆ ಉಳಿದರ್ಧಕ್ಕೆ ಪಾಠ ಮಾಡುವುದೆಂದು ಕೊನೆಗೆ ಗಟ್ಟಿ ಮಾಡಿಕೊಂಡಳು.

ಬೆಳಿಗ್ಗೆ ಅವರು ನಿಜವಾಗಿಯೂ ಬಂದಿದ್ದರು. ಒಸ್ವಾಲ್ದೋನ ವ್ಯಾನಿನ ಹಿಂಬಾಗಿಲು ತೆರೆದಿತ್ತು, ಮೊಟ್ಟೆಯ ತಟ್ಟೆಗಳು ಒಂದರ ಮೇಲೊಂದು ಕೂತಿದ್ದವು. ಮುಂದಿನ ಸೀಟಿನಲ್ಲಿ ಅವನ ತಾಯಿ ಮಿರ್ತಾ ಬೀಸಣಿಗೆ ಬೀಸಿಕೊಳ್ಳುತ್ತ ಕೂತಿದ್ದಳು. ಗಂಡನನ್ನು ಕಳೆದುಕೊಂಡವಳು ಅವಳು. ಅವಳಿಲ್ಲದೆ ಇದು ನಡೆಯಬಾರದೆಂದು ಮಗ ಕರೆತಂದಿದ್ದ.

ಎದೆಲ್ಮೀರಾ ಮೆಟ್ಟಿಲಿಳಿದು ರಸ್ತೆಗೆ ಬಂದಳು. ಅಷ್ಟರಲ್ಲಿ ಸೆವೆರೀನೋ ಹುಡುಗಿಯ ಕೈ ಹಿಡಿದು ಮೂಲೆ ತಿರುಗಿದ. ಜನರನ್ನು ಕಂಡು ನಿಂತುಬಿಟ್ಟ. ಯಾರೋ ಅವನ ಹೆಸರು ಹಿಡಿದು ಕೂಗಿದರು. ಯಾಮಿಲೆ ತಾತನ ಕಾಲಿಗೆ ಅಂಟಿಕೊಂಡಳು. ಅವಳ ಬಿಳಿ ಸಾಕ್ಸು ಒದ್ದೆಯಾಯಿತು. ಪಾದದ ಸುತ್ತ ಡಾಂಬರು ಕಪ್ಪಾಗುತ್ತ ಹೋಯಿತು.

ಅದನ್ನು ಎಲ್ಲರೂ ನೋಡಿದರು. ಎರಡನೆಯ ಕೂಗು ಬರಲಿಲ್ಲ. ಒಸ್ವಾಲ್ದೋ ಕೈಯಲ್ಲಿ ಮೊಟ್ಟೆ ಹಿಡಿದು, ಅದನ್ನು ಏನು ಮಾಡಬೇಕೆಂದು ತಿಳಿಯದವನಂತೆ ನಿಂತಿದ್ದ.

ಮಿರ್ತಾ ವ್ಯಾನಿನಿಂದ ನಿಧಾನವಾಗಿ ಇಳಿದಳು. ಸೆವೆರೀನೋನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಮಗನ ಕಡೆ ತಿರುಗಿ, “ಒಳಗಿಡು ಅದನ್ನ,” ಎಂದಳು. “ಪುಡ್ಡಿಂಗ್‌ಗಾಗುತ್ತೆ.”

ಯಾರೋ ಒಬ್ಬರು ತಡೆಯಲಾರದೆ ನಕ್ಕುಬಿಟ್ಟರು. ಆ ನಗುವಿಗೆ ನಿಂತವರ ಭುಜಗಳೆಲ್ಲ ಸಡಿಲವಾದವು. ಕೆಲವರು ಗೊಣಗುತ್ತ ಹೊರಟರು, ಕೆಲವರು ಮಕ್ಕಳ ಬ್ಯಾಗು ಸರಿಮಾಡಿ ಗೇಟಿನೊಳಗೆ ಕಳಿಸಿದರು. ಇಬ್ಬರು ತಾಯಂದಿರು ಮಾತ್ರ ಮಕ್ಕಳನ್ನು ದರದರ ಎಳೆದುಕೊಂಡು ಹೋದರು. ಒಸ್ವಾಲ್ದೋ ರಸ್ತೆ ದಾಟಿ ಸೆವೆರೀನೋನ ಮುಖಕ್ಕೆ ಮುಖ ಕೊಟ್ಟು ತಗ್ಗಿದ ದನಿಯಲ್ಲಿ ಏನೋ ಹೇಳಿದ. ಅಪ್ಪನ ವಿಷಯವೇ ಇರಬೇಕು. ಸೆವೆರೀನೋ ತಲೆ ತಗ್ಗಿಸಿ ಕೊನೆಯವರೆಗೂ ಕೇಳಿಸಿಕೊಂಡ. ಕೈ ಕುಲುಕಲಿಲ್ಲ ಇಬ್ಬರೂ. ಒಸ್ವಾಲ್ದೋ ವಾಪಸು ಬಂದು ಮಗನ ತಲೆಯ ಮೇಲೊಮ್ಮೆ ಕೈಯಾಡಿಸಿ, “ಹೋಗು, ಹೊತ್ತಾಯ್ತು,” ಎಂದು ಶಾಲೆಯತ್ತ ನೂಕಿದ.

ಎದೆಲ್ಮೀರಾ ಹುಡುಗಿಯನ್ನು ಹಿತ್ತಿಲ ನಲ್ಲಿಯ ಬಳಿ ಒಯ್ದು ಕಾಲು ತೊಳೆದು, ಮಕ್ಕಳು ಬಿಟ್ಟುಹೋದ ಬಟ್ಟೆಗಳಲ್ಲಿ ಒಂದು ಜೊತೆ ಉಡುಪನ್ನೂ ಸಾಕ್ಸನ್ನೂ ಹುಡುಕಿ ತೊಡಿಸಿದಳು. ತರಗತಿಯ ಬಾಗಿಲಿಗೆ ಬಂದಾಗ ಯಾಮಿಲೆ ಮತ್ತೆ ಚೌಕಟ್ಟು ಹಿಡಿದಳು. ಎದೆಲ್ಮೀರಾ ಎಳೆಯಲಿಲ್ಲ. ಒಂದು ಕುರ್ಚಿ ತಂದು ಹೊಸ್ತಿಲ ಮೇಲೇ, ಎರಡು ಕಾಲು ಒಳಗೆ ಎರಡು ಕಾಲು ಹೊರಗೆ ಬರುವಂತೆ ಇಟ್ಟಳು. ಬಾಗಿಲು ತೆರೆದೇ ಇರುತ್ತದೆ, ಬೇಕಾದಾಗ ಎದ್ದು ಹೋಗಬಹುದು ಎಂದು ಹೇಳಿ ತಾನು ಬೋರ್ಡಿನ ಬಳಿ ನಡೆದಳು. ಬಾಯಿ ತೆರೆದಳು, ಪಾಠ ಶುರುವಾಯಿತು. ಎದೆ ಕಲ್ಲಾಗಲಿಲ್ಲ ಎಂಬುದು ಅವಳ ಗಮನಕ್ಕೆ ಬರುವಷ್ಟರಲ್ಲಿ ಅರ್ಧ ಬೋರ್ಡು ತುಂಬಿತ್ತು.

ಗಣಿತ ಮುಗಿಯುವ ಹೊತ್ತಿಗೆ ಕುರ್ಚಿ ಪೂರ್ತಿ ಒಳಗಿತ್ತು. ಬಿಡುವಿನ ನಂತರ ಅದು ಹಿಂದಿನ ಬೆಂಚಿನ ಪಕ್ಕದಲ್ಲಿತ್ತು. ಭೂಗೋಳದ ಪಾಠದ ನಡುವೆ ಒಸ್ವಾಲ್ದೋನ ಮಗ ಕೈಯೆತ್ತಿ, ತುಟಿಯ ಮೇಲೆ ಬೆರಳಿಟ್ಟು ಹಿಂದಕ್ಕೆ ತೋರಿಸಿದ.

ಯಾಮಿಲೆ ಮೇಜಿನ ಮೇಲೆ ಕೆನ್ನೆಯಿಟ್ಟು, ಬಾಯಿ ಅರೆ ತೆರೆದು ನಿದ್ದೆಹೋಗಿದ್ದಳು.

ಎದೆಲ್ಮೀರಾ ಸೀಮೆಸುಣ್ಣ ಕೆಳಗಿಟ್ಟಳು. ನಕ್ಷೆಯ ಮೇಲೆ ಬರೀ ಬೆರಳಿಟ್ಟು, ಈ ನದಿಯ ಹೆಸರೇನು ಎಂದು ಪಿಸುಗುಟ್ಟಿ ಕೇಳಿದಳು. ಮಕ್ಕಳೆಲ್ಲ ಮುಂದಕ್ಕೆ ಬಾಗಿ, ಪಿಸುಮಾತಿನಲ್ಲೇ, ಒಟ್ಟಾಗಿ ಉತ್ತರ ಹೇಳಿದರು.