ಅಮ್ಮನ ಕೈಗೆ ಬಂದ ಸ್ಟಿಯರಿಂಗ್

ಮಂಗಳೂರಿನ ಕುಲಶೇಖರದ ಹಳೇ ಹೆಂಚಿನ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅದರ ಅಂಗಳವನ್ನು ವಿಜೇತಾ ಕೆಲಸ ಮಾಡುವ ಸಣ್ಣ ಕಂಪೆನಿ ಬಾಡಿಗೆಗೆ ಹಿಡಿದು, ಡಾಮರು ಹಾಕಿಸಿ, ತಾನಾಗಿ ಓಡುವ ಕಾರಿನ ಪರೀಕ್ಷೆಗೆ ಇಟ್ಟುಕೊಂಡಿತ್ತು. ಕಾರು ಪುಣೆಯ ದೊಡ್ಡ ಕಂಪೆನಿಯದು. ಅದರ ಸ್ಟಿಯರಿಂಗ್ ಮಾತ್ರ ಮಂಗಳೂರಿನದು. ಕಾರು ತಾನೇ ಓಡುವಾಗ ಸ್ಟಿಯರಿಂಗ್ ಚಕ್ರ ಮಡಚಿಕೊಂಡು ಡ್ಯಾಶ್‌ಬೋರ್ಡಿನ ಒಳಗೆ ಹೋಗಿಬಿಡುತ್ತದೆ. ಮನುಷ್ಯ ಓಡಿಸಬೇಕಾದಾಗ ಹೊರಗೆ ಬರುತ್ತದೆ. ಅದನ್ನು ವಿನ್ಯಾಸ ಮಾಡಿದ ತಂಡಕ್ಕೆ ವಿಜೇತಾಳೇ ಮುಖ್ಯಸ್ಥೆ.

ಚಕ್ರವನ್ನು ಹೊರಗೆ ತಳ್ಳಲು ಒಂದು ಮೋಟಾರು ಸಾಕು ಎಂದು ಪುಣೆಯವರು ಹೇಳಿದ್ದರು. ವಿಜೇತಾ ಒಪ್ಪಿರಲಿಲ್ಲ. "ಕರೆಂಟೇ ಹೋದರೆ ಮೋಟಾರು ಎಂತ ಮಾಡ್ತದೆ?" ಎಂದು ವಾದ ಮಾಡಿ, ಒಳಗೊಂದು ಬಲವಾದ ಸ್ಪ್ರಿಂಗ್ ಇಟ್ಟು, ಕತ್ತಲೆಯಲ್ಲೂ ಹಸಿರಾಗಿ ಹೊಳೆಯುವ ಒಂದು ಹಿಡಿ ಕೂರಿಸಿದ್ದಳು. ಹಿಡಿ ಎಳೆದರೆ ಕರೆಂಟಿನ ಹಂಗಿಲ್ಲದೆ ಚಕ್ರ ಕೈಗೆ ಬರಬೇಕು.

ಕೊನೆಯ ಪರೀಕ್ಷೆಯ ದಿನ ಕಂಪೆನಿ ಎಲ್ಲರ ಮನೆಯವರನ್ನೂ ಕರೆದಿತ್ತು. ವಿಜೇತಾಳ ಅಮ್ಮ ದಮಯಂತಿ ಮೀನು ಮಾರ್ಕೆಟಿನ ವ್ಯಾಪಾರ ಬೇಗ ಮುಗಿಸಿ, ಮದುವೆಗೆ ಉಡುವ ಸೀರೆ ಉಟ್ಟು ಬಂದಿದ್ದರು. ಅಪ್ಪ ದೂಮಪ್ಪ, ಬೋಟಿನಲ್ಲೇ ಆಯುಸ್ಸು ಕಳೆದವರು, ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು: "ಈ ಕಾರು ಉಂಟಲ್ಲ, ನನ್ನ ಮಗಳು ಮಾಡಿದ್ದು."

"ಕಾರು ಅಲ್ಲ ಅಪ್ಪ, ಸ್ಟಿಯರಿಂಗ್ ಮಾತ್ರ," ಎಂದು ವಿಜೇತಾ ನಾಚಿ ತಿದ್ದಿದಳು.

"ಸ್ಟಿಯರಿಂಗ್ ಇಲ್ಲದೆ ಕಾರು ಉಂಟಾ?" ಎಂದರು ಅವರು. ಆ ಕಾರಿನ ವಿಷಯದಲ್ಲಿ ಅದಕ್ಕೆ ಉತ್ತರ ಕೊಡುವುದು ಕಷ್ಟವಿತ್ತು.

ಪುಣೆಯಿಂದ ಪರೀಕ್ಷೆ ಮಾಡಲು ಬಂದವರು ವಿನಿಫ್ರೆಡ್ ಮೇಡಂ. ಹುಟ್ಟಿದ್ದು ಇಲ್ಲೇ ಬಿಕರ್ನಕಟ್ಟೆಯಲ್ಲಿ. ಊರಿನವರೆಂದು ಯಾರಿಗೂ ರಿಯಾಯಿತಿ ತೋರಿಸುವವರಲ್ಲ. ಬೆಳಿಗ್ಗೆಯಿಂದ ಚಕ್ರ ನೂರಾರು ಸಲ ಒಳಗೆ ಹೋಗಿ ಹೊರಗೆ ಬಂದದ್ದನ್ನು ನೋಡಿ ಅವರು ಹೇಳಿದರು: "ಓಡಿಸಿದವರೆಲ್ಲ ನಿಮ್ಮವರೇ. ಹಿಡಿ ಎಲ್ಲಿ ಉಂಟು ಅಂತ ಅವರಿಗೆ ಗೊತ್ತು. ನನಗೆ ಸ್ಟಿಯರಿಂಗನ್ನು ಮುಟ್ಟಿಯೇ ಗೊತ್ತಿಲ್ಲದವರು ಒಬ್ಬರು ಬೇಕು."

ಶಾಮಿಯಾನದ ಕೆಳಗಿಂದ ದಮಯಂತಿ ಎದ್ದು ನಿಂತರು. "ನಾನು ಮುಟ್ಟಲಿಲ್ಲ," ಎಂದರು.

ವಿಜೇತಾ ತಡೆಯಲು ಮುಂದೆ ಬಂದಳು. ಆದರೆ ಅಮ್ಮ ಆಗಲೇ ಚಪ್ಪಲಿ ಸರಿಮಾಡಿಕೊಂಡು ಕಾರಿನ ಕಡೆ ಹೊರಟಿದ್ದರು.

ವಿನಿಫ್ರೆಡ್ ಪಕ್ಕದ ಸೀಟಿನಲ್ಲಿ ಕೂತರು. ಅವರ ಕಾಲ ಬಳಿ ಬೇರೆಯೇ ಒಂದು ಬ್ರೇಕ್ ಇತ್ತು. ಹಿಂದಿನ ಸೀಟು ವಿಜೇತಾಳಿಗೆ, ಬಾಯಿ ಬಿಡಬಾರದೆಂಬ ಷರತ್ತಿನ ಮೇಲೆ. "ಕಾರು ತಾನೇ ಹೋಗ್ತದೆ. ಎಂತಾದರೂ ಆದರೆ ನೀವು ನೋಡಿಕೊಳ್ಳಿ," ಎಂದಷ್ಟೇ ಹೇಳಿದರು ವಿನಿಫ್ರೆಡ್.

ಕಾರು ಮೆಲ್ಲಗೆ ಹೊರಟಿತು. ಚಕ್ರ ಮಡಚಿಕೊಂಡು ಒಳಗೆ ಸರಿಯಿತು. ದಮಯಂತಿ ಖಾಲಿಯಾದ ಜಾಗದಲ್ಲಿ ಕೈಯಾಡಿಸಿ, "ಮೀನಿನ ಬುಟ್ಟಿ ಇಡ್ಲಿಕ್ಕೆ ಒಳ್ಳೇ ಜಾಗ," ಎಂದರು. ಕಾರು ಕಾರ್ಖಾನೆಯ ಹಳೇ ಚಿಮಣಿಯನ್ನು ಸುತ್ತಿ ನೇರ ದಾರಿಗೆ ಬಂದಾಗ ವಿನಿಫ್ರೆಡ್ ಒಂದು ಗುಂಡಿ ಒತ್ತಿದರು. ಪರದೆ ಕಪ್ಪಾಯಿತು. ಏಸಿಯ ಸದ್ದು ನಿಂತಿತು. ಕಾರು ಮಾತ್ರ ಉರುಳುತ್ತಲೇ ಇತ್ತು, ಮುಂದೆ ಕಾಂಪೌಂಡಿನ ಕೆಂಪು ಗೋಡೆ.

"ಎಂತ ಆಯ್ತು?" ಎಂದರು ದಮಯಂತಿ. ವಿಜೇತಾ ತುಟಿ ಕಚ್ಚಿ ಹಿಡಿದಳು. ಅಮ್ಮನ ಕಣ್ಣು ಅತ್ತಿತ್ತ ಓಡಿ ಹಸಿರು ಹಿಡಿಯ ಮೇಲೆ ನಿಂತಿತು. ಕೈ ಚಾಚಿದರು, ಎಟುಕಲಿಲ್ಲ. ಸೀಟಿನ ತುದಿಗೆ ಸರಿದು, ಪೂರ್ತಿ ಬಾಗಿ, ಹಿಡಿದೆಳೆದರು.

ಖಟ್ಟೆಂದು ಚಕ್ರ ಹೊರಗೆ ಬಂತು, ಬಿಚ್ಚಿಕೊಂಡಿತು, ಗಟ್ಟಿಯಾಗಿ ಕೂತಿತು. ದಮಯಂತಿ ಎರಡೂ ಕೈಯಲ್ಲಿ ಅದನ್ನು ಹಿಡಿದು ಮೈಯೆಲ್ಲ ವಾಲಿಸಿ ತಿರುಗಿಸಿದರು. ಗೋಡೆ ಕಿಟಕಿಯ ಪಕ್ಕಕ್ಕೆ ಸರಿದುಹೋಯಿತು. ಆಮೇಲೆ ವಿನಿಫ್ರೆಡ್ ಬ್ರೇಕ್ ಒತ್ತಿದರು.

"ಇದನ್ನು ತಿರುಗಿಸಿದ್ದು ನಾನಾ?" ಎಂದು ಕೇಳಿದರು ದಮಯಂತಿ.

"ನೀವೇ. ನಾನು ನಿಲ್ಲಿಸಿದ್ದು ಮಾತ್ರ."

"ಹಾಗಾದ್ರೆ ಇನ್ನೊಮ್ಮೆ ಹೋಗುವ. ಈ ಸಲ ನೀವು ನಿಲ್ಸುವುದು ಬೇಡ."

ವಿನಿಫ್ರೆಡ್ ನಕ್ಕುಬಿಟ್ಟರು. ವಿಜೇತಾಳ ಕಣ್ಣು ತುಂಬಿತ್ತು. ಸ್ಪ್ರಿಂಗ್ ಕೆಲಸ ಮಾಡಿದ ಹೆಮ್ಮೆ ಒಂದು ಕಡೆ. ಬೆದರದೆ ಕೂತ ಈ ಹೆಂಗಸು ತನ್ನ ಅಮ್ಮ ಎಂಬುದು ಅದಕ್ಕಿಂತ ದೊಡ್ಡದಾಗಿ ಎದೆ ತುಂಬಿತು.

ಕೆಳಗಿಳಿದ ಮೇಲೆ ವಿನಿಫ್ರೆಡ್ ಎಲ್ಲರೆದುರು "ಪಾಸ್" ಎಂದರು. ಚಪ್ಪಾಳೆ ಬಿತ್ತು. ಅದು ನಿಲ್ಲುವ ಮೊದಲೇ ವಿಜೇತಾ ಹೇಳಿದಳು: "ಇಲ್ಲ ಮೇಡಂ. ಹಿಡಿ ದೂರ ಆಯ್ತು. ಅದನ್ನು ಬದಲಿಸಿ ಇನ್ನೊಮ್ಮೆ ತೋರಿಸ್ತೇನೆ."

ಅವಳ ತಂಡದ ಲತೀಶ್ ಅವಳನ್ನು ಪಕ್ಕಕ್ಕೆ ಎಳೆದ. "ಎಂತಕ್ಕೆ ಹೇಳಿದ್ದು ಮಾರಾಯ್ತಿ? ಪಾಸ್ ಆಗಿತ್ತಲ್ಲ!"

"ಅಮ್ಮ ಬಾಗಿ ಹಿಡಿದ್ರು. ಬಾಗ್ಲಿಕ್ಕೆ ಆಗದವರು ಕೂತಿದ್ರೆ?"

ಲತೀಶ್ ಕಾರಿನೊಳಗೆ ಇಣುಕಿ ಹಿಡಿ ಎಷ್ಟು ದೂರವಿದೆ ಎಂದು ನೋಡಿದ. "ನಾಳೆಯಿಂದ ಶುರು ಮಾಡುವ," ಎಂದ.

ಹಿಡಿಯನ್ನು ಕೆಳಗೆ, ಕೈಯ ಹತ್ತಿರಕ್ಕೆ ತರಲು ಒಳಗಿನ ಅರ್ಧ ಜೋಡಣೆಯನ್ನೇ ಬದಲಿಸಬೇಕಾಯಿತು. ಮಳೆಗಾಲ ಕಳೆದು ವಿನಿಫ್ರೆಡ್ ಮತ್ತೆ ಬರುವ ಮೊದಲು ಫೋನ್ ಮಾಡಿದರು. "ನಿಮ್ಮ ಅಮ್ಮನನ್ನೇ ಕರೆಯಿರಿ."

"ಅಮ್ಮ ಈಗ ಆಗುವುದಿಲ್ಲ ಮೇಡಂ," ಎಂದಳು ವಿಜೇತಾ. ನಗು ತಡೆಯಲಾಗಲಿಲ್ಲ. "ಅವರಿಗೆ ಲೈಸೆನ್ಸ್ ಸಿಕ್ಕಿತು."

ಹಾಗಾಗಿ ಮಾರ್ಕೆಟಿನಲ್ಲಿ ದಮಯಂತಿಯ ಪಕ್ಕ ಕೂತು ಮೀನು ಮಾರುವ, ಸ್ಟಿಯರಿಂಗ್ ಮುಟ್ಟಿಯೇ ಗೊತ್ತಿಲ್ಲದ ಹೇಮಾಕ್ಷಿ ಬಂದರು. ಅವರನ್ನು ಕರೆತಂದದ್ದು ದಮಯಂತಿಯೇ, ಮನೆಯ ಹಳೇ ವ್ಯಾನಿನಲ್ಲಿ, ನಂತೂರು ಸರ್ಕಲ್ಲಿನ ಲಾರಿ ಬಸ್ಸುಗಳ ನಡುವಿನಿಂದ. ಹಿಂದಿನ ಸೀಟಿನಲ್ಲಿ ದೂಮಪ್ಪ ಬೆವರುತ್ತಾ ಕೂತಿದ್ದರು.

ಸೀಟಿಗೆ ಒರಗಿ ಕೂತಿದ್ದ ಹೇಮಾಕ್ಷಿಯ ಕೈಗೆ ಹಿಡಿ ಮೊದಲ ಸಲಕ್ಕೇ ಸಿಕ್ಕಿತು.