ತಲ್ವಾರ್‌ಜಿಯ ಗಸ್ತು

ಪಾಸ್‌ಪೋರ್ಟಿನ ಅರ್ಜಿ ತುಂಬಿಕೊಟ್ಟ ಏಜೆಂಟ ಹೆಸರನ್ನು ಮೊಟಕು ಮಾಡಿ ಅಡ್ಡಹೆಸರಿನ ಒಂದಕ್ಷರ ನುಂಗಿದ್ದರಿಂದ ಧಾರವಾಡ ಕಡೆಯ ಗುರುಶಾಂತಪ್ಪ ತಳವಾರ ಅಮೆರಿಕದಲ್ಲಿ ‘ಗುರು ತಲ್ವಾರ್’ ಆಗಿಬಿಟ್ಟಿದ್ದ. ಅವನಿದ್ದ ಹರ್ನ್‌ಡನ್ ಊರಿನ ಕನ್ನಡದವರು ಹೆಸರು ನೋಡಿ ಪಂಜಾಬಿ ಎಂದುಕೊಂಡು ಯುಗಾದಿ ಊಟಕ್ಕೂ ಕರೆಯಲಿಲ್ಲ. ಪಂಜಾಬಿಗಳು ಮಾತಾಡಿಸಿ ನೋಡಿ ಇವನು ನಮ್ಮವನಲ್ಲ ಎಂದು ಕೈಬಿಟ್ಟರು. ತಾನಾಗಿ ಹೋಗಿ ಪರಿಚಯ ಹೇಳಿಕೊಳ್ಳುವ ಆಸಾಮಿಯೂ ಇವನಲ್ಲ, ಅಷ್ಟು ಬಿಂಕ. ಕೊರೊನಾ ಬಂದು ಕೆಲಸವೂ ಮನೆಯೊಳಗೇ ಸೇರಿಕೊಂಡ ಮೇಲೆ ಅವನ ಬಾಯಿಂದ ಹೊರಡುತ್ತಿದ್ದ ಮಾತೆಂದರೆ ‘ಯೂ ಆರ್ ಆನ್ ಮ್ಯೂಟ್’ ಒಂದೇ.

ಆ ವರ್ಷ ಚಳಿಗಾಲದ ಹೊತ್ತಿಗೆ ಬಾಗಿಲ ಮುಂದಿಟ್ಟ ಪಾರ್ಸೆಲ್ಲುಗಳು ಮಾಯವಾಗತೊಡಗಿದವು. ಟೌನ್‌ಹೌಸುಗಳ ಸಂಘದವರು ಸಂಜೆ ಇಬ್ಬಿಬ್ಬರು ಗಸ್ತು ತಿರುಗಬೇಕೆಂದು ಗೊತ್ತುಮಾಡಿದರು. ಗುರುಶಾಂತಪ್ಪನಿಗೆ ಜೊತೆ ಸಿಕ್ಕವನು ಮೈಸೂರಿನ ತ್ಯಾಗರಾಜ. ಹೊಳೆಯುವ ಹಳದಿ ಅಂಗಿ ತೊಟ್ಟು ಬಂದವನೇ “ಹಲೋ ತಲ್ವಾರ್‌ಜೀ” ಎಂದ. ಗುರುಶಾಂತಪ್ಪ ತಿದ್ದಲು ಬಾಯಿ ತೆರೆದ. ಅಷ್ಟರಲ್ಲಿ ತ್ಯಾಗರಾಜನ ಫೋನು ಬಡಿದುಕೊಂಡಿತು.

“ಹೇಳು ಊರ್ಮಿಳಾ. ಊಟ ಆಯ್ತಾ? ಇಲ್ಲ ಕಣೇ, ಆರಾಮಾಗಿ ಮಾತಾಡು. ಪಕ್ಕದಲ್ಲಿ ಒಬ್ಬ ಪಂಜಾಬಿ ಇದ್ದಾನೆ ಅಷ್ಟೆ, ಅವನಿಗೇನೂ ಅರ್ಥ ಆಗಲ್ಲ.”

ಗುರುಶಾಂತಪ್ಪ ತೆರೆದ ಬಾಯಿ ಮುಚ್ಚಿಕೊಂಡ. ಮೊದಲು ಸಿಟ್ಟು ಬಂತು. ಆಮೇಲೆ, ಕನ್ನಡ ತನ್ನ ಮಗ್ಗುಲಲ್ಲೇ ನಡೆದು ಬರುತ್ತಿದೆ ಎಂಬುದು ಅರಿವಾಗಿ ಅವನ ಹೆಜ್ಜೆಗೆ ಹೆಜ್ಜೆ ಕೂಡಿಸಿದ.

ಅವತ್ತಿನಿಂದ ಅವನಿಗೆ ಸಂಜೆಯದೇ ಧ್ಯಾನ. ಗಸ್ತಿಲ್ಲದ ದಿನವೂ ಕಿಟಕಿಯಲ್ಲಿ ನಿಂತು ನೋಡುತ್ತಿದ್ದ. ತ್ಯಾಗರಾಜ ಇತಿಹಾಸದ ಹುಚ್ಚಿನವನು, ಫೋನಿಲ್ಲದಾಗ ಇಂಗ್ಲಿಷಿನಲ್ಲಿ ಪಾಠ ಶುರುಮಾಡುತ್ತಿದ್ದ. ಹಿಂದೆ ಇಂಗ್ಲೆಂಡಿನಲ್ಲಿ ಒಂದೊಂದು ಚರ್ಚಿನ ವ್ಯಾಪ್ತಿಗೂ ಒಬ್ಬೊಬ್ಬ ಕಾನ್‌ಸ್ಟೇಬಲ್ ಇರುತ್ತಿದ್ದನಂತೆ. ಸಂಬಳವಿಲ್ಲ, ಊರಿನ ಗೃಹಸ್ಥರನ್ನೇ ಸರದಿಯ ಮೇಲೆ ಹಿಡಿದು ಕೈಗೆ ಕೋಲು ಕೊಡುವುದು. ಕುಡಿದವರನ್ನು ಎಳೆದು ತರಬೇಕು, ಜಗಳ ಬಿಡಿಸಬೇಕು. ಆ ಕೋಲು ಹಿಡಿದವನನ್ನು ಕಂಡರೆ ನೆರೆಹೊರೆಯವರೇ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. “ನಮ್ಮ ಕರ್ನಾಟಕದಲ್ಲೂ ಅಂಥವನೊಬ್ಬ ಇದ್ದ, ತಳವಾರ ಅಂತ. ನಿಮ್ಮ ಹೆಸರಿನ ಹಾಗೇ ಕೇಳಿಸುತ್ತೆ ನೋಡಿ” ಎಂದು ಇಂಗ್ಲಿಷಿನಲ್ಲೇ ಹೇಳಿ ನಕ್ಕ.

ಗುರುಶಾಂತಪ್ಪನೂ ನಕ್ಕ. ಅವನ ಅಜ್ಜ ಊರ ತಳವಾರ. ಬಡಿಗೆ ಹಿಡಿದು ಓಣಿ ಓಣಿ ಸುತ್ತುವಾಗ ಯಾವ ಮನೆಯ ಜಗಳ ಕಿವಿಗೆ ಬಿದ್ದರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮೊಮ್ಮಗನೂ ಹಾಗೇ ಇದ್ದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಪರರ ಮಾತಿಗೆ ಕಿವಿಗೊಟ್ಟವರಿಗೆಲ್ಲ ಇಂಥದೊಂದು ಸಮಾಧಾನ ಹೇಗೋ ಸಿಕ್ಕೇ ಸಿಗುತ್ತದೆ.

ಕೇಳಿಸಿದ್ದೇನು ಕಡಿಮೆಯೇ? ಹೆಂಡತಿ ಊರ್ಮಿಳಾ ಮುನಿಸಿಕೊಂಡು ಅಟ್ಲಾಂಟಾದ ಯೂನಿವರ್ಸಿಟಿ ಕೆಲಸಕ್ಕೆ ಹೋದವಳು ಮರಳುವ ಮನಸ್ಸು ಮಾಡಿರಲಿಲ್ಲ. ಒಂದು ಸಂಜೆ ತ್ಯಾಗರಾಜ ಮೇಪಲ್ ಮರಕ್ಕೆ ಕೈಯಾನಿಸಿ ನಿಂತು, “ತಪ್ಪಾಯ್ತು ಕಣೇ. ಇನ್ನೊಂದ್ ಸಲ ಟ್ರೈ ಮಾಡೋಣ. ನಾನೇ ಅಲ್ಲಿಗೆ ಮೂವ್ ಆಗ್ತೀನಿ” ಎಂದು ಮಕ್ಕಳಂತೆ ಅತ್ತ. ಗುರುಶಾಂತಪ್ಪ ಯಾರದೋ ಮೇಲ್‌ಬಾಕ್ಸನ್ನು ಪರೀಕ್ಷಿಸುವವನಂತೆ ಬೆನ್ನು ತಿರುಗಿಸಿ ನಿಂತ. ಅವರಿಬ್ಬರು ಒಂದಾಗಲಿ ಎಂದು ಮನಸಾರೆ ಬಯಸಿದ. ಒಂದಾದರೆ ತನ್ನ ಗತಿಯೇನು ಎಂಬ ಹೆದರಿಕೆಯೂ ಅದರ ಬೆನ್ನಿಗೇ ಬಂತು.

ಅವರು ಒಂದಾದರು. ವಸಂತ ಬರುವಷ್ಟರಲ್ಲಿ ತ್ಯಾಗರಾಜ ಮನೆ ಖಾಲಿ ಮಾಡಿದ. ಹೊರಟ ದಿನ ಕಾರಿನಲ್ಲಿ ಕೂತು ಗಾಜು ಇಳಿಸಿ, “ನಿಮ್ಮಂಥ ಜೊತೆ ಸಿಗುವುದು ಕಷ್ಟ ತಲ್ವಾರ್‌ಜೀ, ಒಂದು ದಿನವೂ ಏನನ್ನೂ ಕೆದಕಲಿಲ್ಲ” ಎಂದು ಇಂಗ್ಲಿಷಿನಲ್ಲಿ ಹೇಳಿ ಕೈ ಚಾಚಿದ.

ಇನ್ನು ಸುಮ್ಮನಿದ್ದರೆ ಈ ಮನುಷ್ಯ ಪಂಜಾಬಿಯೊಬ್ಬನನ್ನು ನೆನಪಿಟ್ಟುಕೊಂಡು ಹೋಗಿಬಿಡುತ್ತಾನೆ, ತನ್ನನ್ನಲ್ಲ. ಗುರುಶಾಂತಪ್ಪನಿಗೆ ತಡೆಯಲಾಗಲಿಲ್ಲ.

“ಹೋಗಿ ಬರ್ರೀ ಸರ. ಇನ್ನ ಮನಿಯವ್ರ ಜೋಡಿ ಚೆಂದಾಗಿ ಇರ್ರಿ.”

ಕನ್ನಡ ಕೇಳಿ ತ್ಯಾಗರಾಜನ ಮುಖ ಅರಳಿತು. ಮರುಕ್ಷಣ ಒಂದೊಂದೇ ಸಂಜೆ ನೆನಪಾಗುತ್ತ ಬಂದು ಬಾಡಿತು.

“ನಿಮಗೆ ಯಾವಾಗಿಂದ ಕನ್ನಡ ಬರುತ್ತೆ?”

“ಹುಟ್ಟಿದಾಗಿಂದ್ರಿ.”

“ಮತ್ತೆ ಅವತ್ತೇ ಹೇಳ್ಬಹುದಿತ್ತಲ್ಲ.”

“ಹೇಳಿದ್ರ ನೀವು ನನ್ನ ಮುಂದ ಮಾತಾಡ್ತಿದ್ದಿಲ್ರಿ. ಗಸ್ತಿನಾಗ ಅಷ್ಟಾದ್ರೂ ಕನ್ನಡ ಕಿವಿಗೆ ಬೀಳ್ತಿತ್ತು.”

ತ್ಯಾಗರಾಜ ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡ. ಆಗಲೇ ಫೋನು ಬಂತು. ಪರದೆಯ ಮೇಲೆ ಊರ್ಮಿಳಾ ಎಂದಿತ್ತು. ಅವನು ಎತ್ತಲಿಲ್ಲ. ಗುರುಶಾಂತಪ್ಪನನ್ನು ಒಮ್ಮೆ ನೋಡಿ ಗಾಜು ಏರಿಸಿದ, ಪೂರ್ತಿ ಮುಚ್ಚಿತೇ ಎಂದು ಖಾತ್ರಿ ಮಾಡಿಕೊಂಡು ಆಮೇಲೆ ಎತ್ತಿದ. ಗಾಜಿನ ಆಚೆ ತುಟಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು.